ಗಾಜಿನ ಪೆಟ್ಟಿಗೆಯಲ್ಲಿ ಕಿಳ್ಳೇಕ್ಯಾತ

ನಮ್ಮ ಕಾಲದಲ್ಲಿ ಭಾನುವಾರ ಮಕ್ಕಳನ್ನು ಯಾರೂ ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಮಕ್ಕಳೇ ಎಲ್ಲಿಗೋ ಹೋಗಿ, ಕತ್ತಲಾದ ಮೇಲೆ ಏಟು ತಿನ್ನಲು ಮನೆಗೆ ಬರುತ್ತಿದ್ದವು. ಈಗ ಮಗು ನಡೆಯಲು ಕಲಿತ ಮರುವಾರವೇ ಅದಕ್ಕೊಂದು ಭಾನುವಾರದ ಪಟ್ಟಿ ತಯಾರಾಗುತ್ತದೆ. ಒಂದು ವಾರ ಪ್ರಕೃತಿ, ಒಂದು ವಾರ ವಿಜ್ಞಾನ, ಒಂದು ವಾರ ಸಂಸ್ಕೃತಿ. ಪ್ರಕೃತಿ ಎಂದರೆ ಬನ್ನೇರುಘಟ್ಟ. ವಿಜ್ಞಾನ ಎಂದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ; ಅಲ್ಲಿ ಡೈನೋಸಾರ್ ಕೂಗುತ್ತದೆ, ಮಗು ಅದಕ್ಕಿಂತ ಜೋರಾಗಿ ಕೂಗುತ್ತದೆ, ಅಲ್ಲಿಗೆ ವಿಜ್ಞಾನ ಮುಗಿಯಿತು. ಸಂಸ್ಕೃತಿಯದ್ದೇ ತಲೆನೋವು. ಅದು ಎಲ್ಲಿ ಸಿಗುತ್ತದೆ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಪಾರ್ಕಿಂಗ್ ಇದೆಯೇ, ಡೈಪರ್ ಬದಲಿಸಲು ಜಾಗ ಕೊಡುತ್ತದೆಯೇ?

ನನ್ನ ಅಣ್ಣ ಅತ್ತಿಗೆಯ ಮಗನಿಗೆ ಎರಡೂಕಾಲು ವರ್ಷ. ಅವನಿಗೆ ಸಂಸ್ಕೃತದ ದೊಡ್ಡ ಹೆಸರಿದೆ. ಅದರ ಅರ್ಥವನ್ನು ನಾಮಕರಣದ ದಿನ ಪುರೋಹಿತರಿಗೂ ಅಣ್ಣನೇ ಹೇಳಿಕೊಟ್ಟಿದ್ದರಿಂದ ನಾವೆಲ್ಲ ಸುಮ್ಮನೆ ಪುಟ್ಟ ಎನ್ನುತ್ತೇವೆ. ಎರಡು ವರ್ಷ ದಾಟಿದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅತ್ತಿಗೆ ಅದನ್ನು ದಿನಕ್ಕೆರಡು ಬಾರಿ ಹೇಳುತ್ತಾರೆ. ಪುಟ್ಟನ ಒಂದು ಗಂಟೆ ಬೆಳಗಿನ ಎರಡು ಇಡ್ಲಿಗೇ ಖರ್ಚಾಗಿಬಿಡುತ್ತದೆ. ಮಧ್ಯಾಹ್ನದ ಅನ್ನಕ್ಕೆ, ರಾತ್ರಿಯ ರಾಗಿಸರಿಗೆ ಮನೆಯವರು ಸಾಲ ಮಾಡಬೇಕು. ಈ ಸಾಲ ಬೆಳೆದು ಬೆಳೆದು, ಅತ್ತಿಗೆಯ ಮನಸ್ಸಿಗೆ ಚುಚ್ಚಿ ಚುಚ್ಚಿ, ಕೊನೆಗೊಂದು ದಿನ ‘ಈ ವೀಕೆಂಡ್ ಪಪೆಟ್ ಮ್ಯೂಸಿಯಂ’ ಎಂಬ ತೀರ್ಮಾನ ಹೊರಬಿತ್ತು.

‘ಬೊಂಬೆ ಆಟವಾ?’ ಎಂದಳು ಅಮ್ಮ, ಕಣ್ಣರಳಿಸಿ.

‘ಆಟ ಅಲ್ಲ ಅತ್ತೆ, ಮ್ಯೂಸಿಯಂ.’

‘ಹಂಗಾದ್ರೆ ಆಡ್ಸಲ್ವಾ?’

ಅತ್ತಿಗೆ ಉತ್ತರ ಹೇಳಲಿಲ್ಲ. ಆಗಲೇ ಬ್ಯಾಗಿಗೆ ಸಾಮಾನು ತುಂಬುತ್ತಿದ್ದರು. ಎರಡೂಕಾಲು ವರ್ಷದ ಮನುಷ್ಯನೊಬ್ಬ ನಾಲ್ಕು ತಾಸು ಹೊರಗೆ ಹೋಗಲು ಬೇಕಾದ ಸರಂಜಾಮನ್ನು ನೋಡಿದರೆ, ಹಿಂದೆ ಗೊಂಬೆ ಮೇಳದವರು ಇಡೀ ಸಂಸಾರವನ್ನೂ ರಾಮಾಯಣ ಮಹಾಭಾರತಗಳನ್ನೂ ಒಂದೇ ಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗುತ್ತಿದ್ದದ್ದು ಹೇಗೆಂದು ಆಶ್ಚರ್ಯವಾಗುತ್ತದೆ.

ಮ್ಯೂಸಿಯಮ್ಮಿನ ಹೆಸರು ಹೇಳುವುದಿಲ್ಲ. ರಾಮನಗರದ ಜಾನಪದ ಲೋಕವಂತೂ ಅಲ್ಲ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಹಟ ಹಿಡಿದು ಕಟ್ಟಿದ ಆ ಲೋಕ 1994ರಿಂದ ಮೈಸೂರು ರಸ್ತೆಯ ಪಕ್ಕದಲ್ಲೇ ಇದೆ. ಅಲ್ಲಿ ತೊಗಲುಗೊಂಬೆಯೂ ಇದೆ, ಸೂತ್ರದ ಗೊಂಬೆಯೂ ಇದೆ. ಆದರೆ ಅರ್ಧ ಬೆಂಗಳೂರು ಅದನ್ನು ‘ರೊಟ್ಟಿ ಊಟದ ಹೋಟೆಲಿನ ಪಕ್ಕ ಇರೋ ಏನೋ ಒಂದು’ ಎಂದೇ ಗುರುತಿಟ್ಟುಕೊಂಡಿದೆ. ನಮ್ಮಣ್ಣನೂ ಆ ಅರ್ಧದಲ್ಲಿ ಸೇರಿದವನು. ಮೈಸೂರಿಗೆ ಹೋಗುವಾಗೆಲ್ಲ ಅಲ್ಲಿ ಕಾರು ನಿಲ್ಲಿಸುತ್ತಾನೆ. ರೊಟ್ಟಿಗೆ.

ಟಿಕೆಟ್ ಕೌಂಟರಿನಲ್ಲಿ ‘ಮೂರು ವರ್ಷದೊಳಗಿನ ಮಕ್ಕಳಿಗೆ ಉಚಿತ’ ಎಂದು ಬರೆದಿತ್ತು. ‘ಎರಡು, ಎರಡು’ ಎಂದು ಅಣ್ಣ ಬೆರಳು ತೋರಿಸಿದ. ಅದರ ಪಕ್ಕದಲ್ಲೇ ಇನ್ನೊಂದು ಫಲಕ: ‘ಗೊಂಬೆ ತಯಾರಿಕೆ ಕಾರ್ಯಾಗಾರ, ಮೂರು ವರ್ಷ ಮೇಲ್ಪಟ್ಟವರಿಗೆ’. ‘ಮೂರಾಗಿದೆ’ ಎಂದರು ಅತ್ತಿಗೆ. ಒಂದೇ ಮೇಜು, ಒಬ್ಬನೇ ಗುಮಾಸ್ತ. ಆತ ತಲೆಯೆತ್ತಲಿಲ್ಲ. ಇಂಥ ಸಂಸ್ಕೃತಿಪ್ರಿಯ ಕುಟುಂಬಗಳು ದಿನಕ್ಕೆಷ್ಟು ಬರುತ್ತವೋ.

ಒಳಗೆ ಹೋದೊಡನೆ ಎದುರಾದದ್ದು ಫಲಕ. ನಮ್ಮಲ್ಲಿ ಜನಪದ ಕಲೆಯ ಬಗ್ಗೆ ಬರೆಯುವವರಿಗೆಲ್ಲ ಒಂದೇ ಮೊದಲ ವಾಕ್ಯವನ್ನು ಯಾರೋ ಹಂಚಿಬಿಟ್ಟಿದ್ದಾರೆ: ‘ನಶಿಸುತ್ತಿರುವ ಈ ಪ್ರಾಚೀನ ಕಲಾಪ್ರಕಾರವು...’ ನಾನು ಶಾಲೆಗೆ ಹೋಗುತ್ತಿದ್ದಾಗಲೂ ಅದು ನಶಿಸುತ್ತಿತ್ತು. ಇಷ್ಟು ದೀರ್ಘಕಾಲ, ಇಷ್ಟು ಶಿಸ್ತಾಗಿ, ಇಷ್ಟೊಂದು ಅನುದಾನದ ನೆರವಿನಿಂದ ನಶಿಸುತ್ತಿರುವ ಇನ್ನೊಂದು ವಸ್ತು ರಾಜ್ಯದಲ್ಲಿ ಕನ್ನಡ ಶಾಲೆಗಳನ್ನು ಬಿಟ್ಟರೆ ಸಿಗಲಾರದು. ಅಣ್ಣ ಫಲಕ ಓದಿ ಗಂಭೀರನಾದ. ‘ನಶಿಸ್ತಾ ಇದೆಯಂತೆ ಕಣೇ, ಬೇಗ ಒಂದು ಫೋಟೋ ತೆಗಿ’ ಎಂದ. ನಶಿಸುತ್ತಿರುವ ಕಲೆಯ ಮುಂದೆ ನಾಲ್ವರು ದೊಡ್ಡವರು ಹಲ್ಲುಬಿಟ್ಟು ನಿಂತೆವು. ಪುಟ್ಟ ಮಾತ್ರ ಕ್ಯಾಮೆರಾಕ್ಕೆ ಬೆನ್ನು ಹಾಕಿ ಗೋಡೆಯ ಕಡೆ ನೋಡಿದ.

ಗೋಡೆಯ ಮೇಲೆ ತೊಗಲುಗೊಂಬೆಗಳಿದ್ದವು. ತೊಗಲುಗೊಂಬೆ ಮಾಡುವುದು ಸಣ್ಣ ಕೆಲಸವಲ್ಲ. ಮೇಕೆಯ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಒಣಗಿಸಿ, ಚಿತ್ರ ಬರೆದು, ಬಣ್ಣ ಹಚ್ಚಿ, ಒಡವೆಯಿರುವ ಕಡೆ ಉಳಿಯಿಂದ ತೂತು ಕೊರೆಯುತ್ತಾರೆ. ಇಷ್ಟೆಲ್ಲ ಏತಕ್ಕೆಂದರೆ ಹಿಂದಿನಿಂದ ದೀಪ ಬಿದ್ದಾಗ ಬಣ್ಣ ಹತ್ತಿಕೊಂಡು ಉರಿಯಬೇಕು, ಕೊರೆದ ತೂತೆಲ್ಲ ರತ್ನವಾಗಬೇಕು. ನಮ್ಮ ಮ್ಯೂಸಿಯಮ್ಮಿನವರು ಅದನ್ನು ಗೋಡೆಗೆ ಅಂಟಿಸಿ, ಗಾಜು ಹಾಕಿ, ಮುಂದಿನಿಂದ ಟ್ಯೂಬ್‌ಲೈಟು ಬಿಟ್ಟಿದ್ದರು. ಸೀತೆ, ರಾಮ, ದಶಕಂಠ ರಾವಣ, ಸಾಲಾಗಿ, ಮಳೆಗಾಲದಲ್ಲಿ ಒಣಗದೆ ಉಳಿದ ಹಪ್ಪಳದ ಹಾಗೆ ಕಾಣುತ್ತಿದ್ದರು.

ಪುಟ್ಟ ರಾವಣನ ಮುಂದೆ ನಿಂತ. ‘ಆಡ್ಸು’ ಎಂದ.

‘ಇದು ರಾವಣ, ಪುಟ್ಟಾ. ಎಷ್ಟು ಹೆಡ್ಸ್ ಇದೆ ಕೌಂಟ್ ಮಾಡು, ಒನ್, ಟೂ...’

‘ಆಡ್ಸು.’

‘ಇದನ್ನ ಗೋಟ್ ಸ್ಕಿನ್‌ನಲ್ಲಿ ಮಾಡ್ತಾರೆ. ಗೋಟ್ ಹೇಗೆ ಕೂಗುತ್ತೆ?’

ಪುಟ್ಟ ಮೇಕೆಯ ಹಾಗೆ ಕೂಗಲಿಲ್ಲ. ನೇರ ಹೋಗಿ ಎರಡೂ ಅಂಗೈ ಗಾಜಿಗೆ ಹಚ್ಚಿದ. ಕಾವಲಿನವರು ಎಲ್ಲಿದ್ದರೋ, ‘ಮುಟ್ಬಾರ್ದು, ಮುಟ್ಬಾರ್ದು’ ಎನ್ನುತ್ತ ಓಡಿಬಂದರು. ಮೇಳದಲ್ಲಿ ನೂರಾರು ಕೈ ದಾಟಿ, ದೀಪದ ಎಣ್ಣೆಯ ಜಿಡ್ಡು ಮೆತ್ತಿಕೊಂಡು, ಹರಿದಲ್ಲಿ ಹೊಲಿಗೆ ಹಾಕಿಸಿಕೊಂಡು, ಊರಿಂದ ಊರಿಗೆ ಕುಲುಕಿಕೊಂಡು ಬದುಕಿ ಬಂದ ಗೊಂಬೆಗೆ ಎರಡೂಕಾಲು ವರ್ಷದ ಅಂಗೈಯಿಂದ ಅಪಾಯ ಒದಗಿತ್ತು.

ಈ ಗೊಂಬೆಗಳಲ್ಲಿ ನನಗೆ ಬಹಳ ಇಷ್ಟವಾದ ಒಂದು ಲೆಕ್ಕವಿದೆ. ಕರ್ನಾಟಕದ ತೊಗಲುಗೊಂಬೆಯಲ್ಲಿ ಗಾತ್ರ ನಿರ್ಧಾರವಾಗುವುದು ಅಂತಸ್ತಿನಿಂದ. ರಾಜರಿಗೆ, ದೇವರಿಗೆ ದೊಡ್ಡ ಚರ್ಮ. ಆಳುಕಾಳಿಗೆ, ಪ್ರಜೆಗಳಿಗೆ ಸಣ್ಣ ಚರ್ಮ. ಫಲಕದಲ್ಲಿ ಇದನ್ನು ‘ಪ್ರಾಚೀನ ಸಮಾಜದ ಶ್ರೇಣೀಕರಣ’ ಎಂದು ಬರೆದು ನಿಟ್ಟುಸಿರಿಟ್ಟಿದ್ದರು. ಪ್ರಾಚೀನವಂತೆ! ಮ್ಯೂಸಿಯಮ್ಮಿನ ಗೇಟಿನಾಚೆಗೆ ಕಟ್ಟಿದ್ದ ಫ್ಲೆಕ್ಸನ್ನು ನೋಡಿಯೇ ನಾವು ಒಳಗೆ ಬಂದಿದ್ದೆವು. ಹುಟ್ಟುಹಬ್ಬದ ಶಾಸಕರು ಹನ್ನೆರಡಡಿ. ಪಕ್ಷದ ಹಿರಿಯರು ಮೇಲ್ಗಡೆ ಮೋಡದಲ್ಲಿ, ಮೂರಡಿ. ಬ್ಲಾಕ್ ಅಧ್ಯಕ್ಷರು ಒಂದಡಿ. ಕೆಳಗೆ ‘ಶುಭ ಕೋರುವವರು’ ಅಂಚೆಚೀಟಿಯ ಗಾತ್ರದಲ್ಲಿ ಐದು ಸಾಲು, ಎಲ್ಲರಿಗೂ ಒಂದೇ ಕೂಲಿಂಗ್ ಗ್ಲಾಸು. ತೊಗಲಿನಿಂದ ಪ್ಲಾಸ್ಟಿಕ್ಕಿಗೆ ಬಂದದ್ದು ಬಿಟ್ಟರೆ ಶಿಲ್ಪಶಾಸ್ತ್ರ ಅಷ್ಟಿಷ್ಟೂ ಬದಲಾಗಿಲ್ಲ. ಇದೊಂದು ಕಲೆಯಾದರೂ ನಶಿಸದೆ ಉಳಿದಿದೆ.

ಈ ನಿಯಮಕ್ಕೆ ಅಪವಾದ ನಮ್ಮ ಮನೆಯಲ್ಲಿದೆ. ಎಲ್ಲರಿಗಿಂತ ಸಣ್ಣ ಗೊಂಬೆಯೇ ಸಾರ್ವಭೌಮ.

ಆ ಸಾಲಿನ ಕೊನೆಯಲ್ಲಿ, ಬಾತ್‌ರೂಮಿಗೆ ಹೋಗುವ ದಾರಿಯ ಮೂಲೆಯಲ್ಲಿ, ಒಂದು ಪೆಟ್ಟಿಗೆ. ಕಪ್ಪು ಮೈ, ದಪ್ಪ ತುಟಿ, ಸೊಟ್ಟ ಕೈಕಾಲು, ಮುಂದಕ್ಕೆ ಬಂದ ಹೊಟ್ಟೆ. ಪಕ್ಕದಲ್ಲಿ ಅವನಿಗೆ ಸರಿಜೋಡಿಯಾದ ಹೆಂಡತಿ. ‘ಹಾಸ್ಯ ಪಾತ್ರಗಳು’ ಎಂದು ಬರೆದಿತ್ತು. ಮುಂದೆ ಒಂದಕ್ಷರವಿಲ್ಲ. ಪುಟ್ಟ ನೋಡಿದ್ದೇ ಕಿಲಕಿಲನೆ ನಕ್ಕ. ಅಷ್ಟೊತ್ತು ಮಂಡಿನೋವೆಂದು ಬೆಂಚು ಹುಡುಕುತ್ತಿದ್ದ ಅಮ್ಮ ಸರಸರ ಬಂದಳು.

‘ಅಯ್ಯೋ! ಕಿಳ್ಳೇಕ್ಯಾತ! ಬಂಗಾರಕ್ಕ!’

ಅಮ್ಮ ಮಂಡ್ಯ ಕಡೆಯವಳು. ಅವಳ ಊರಿನಲ್ಲಿ ಮಳೆ ಕೈಕೊಟ್ಟರೆ, ದನಕ್ಕೆ ರೋಗ ಬಂದರೆ, ಊರವರು ದುಡ್ಡು ಕಾಳು ಕೂಡಿಸಿ ಗೊಂಬೆಯವರನ್ನು ಕರೆಸುತ್ತಿದ್ದರಂತೆ. (ಬೆಂಗಳೂರಿನಲ್ಲಿ ಆ ಪ್ರಯೋಗ ಬೇಡ. ಒಂದು ದೃಶ್ಯ ಮುಗಿಯುವಷ್ಟರಲ್ಲಿ ಅಂಡರ್‌ಪಾಸು ತುಂಬಿರುತ್ತದೆ.) ರಾತ್ರಿ ಊಟ ಮುಗಿದ ಮೇಲೆ ಬಿಳಿ ಪಂಚೆ ಬಿಗಿದು, ಹಿಂದೆ ದೀಪ ಹಚ್ಚಿ, ಮೇಳದ ಗಂಡಸರು ಹೆಂಗಸರು ಎಲ್ಲ ಸೇರಿ ಹಾಡಿ, ಮಾತಾಡಿ, ಗೊಂಬೆ ಕುಣಿಸಿದರೆ ಮುಗಿಯುತ್ತಿದ್ದದ್ದು ಕೋಳಿ ಕೂಗುವಾಗ. ಮೊದಲು ಗಣಪತಿಗೆ ಕೈ ಮುಗಿಯುವುದು, ಆಮೇಲೆ ಕಿಳ್ಳೇಕ್ಯಾತ ಬರುವುದು. ಅವನು ಬಂದನೆಂದರೆ ರಾಮನ ಮರ್ಯಾದೆಯೂ ಉಳಿಯುತ್ತಿರಲಿಲ್ಲ, ಊರ ಗೌಡನ ಮರ್ಯಾದೆಯೂ ಉಳಿಯುತ್ತಿರಲಿಲ್ಲ. ಬಂಗಾರಕ್ಕನಿಗೂ ಅವನಿಗೂ ನಡೆಯುವ ಸಂಸಾರದ ಜಗಳವನ್ನು ಇವತ್ತಿನ ಯಾವ ಚಾನೆಲ್ಲೂ ಕತ್ತರಿಯಿಲ್ಲದೆ ತೋರಿಸಲಾರದು. ಅದನ್ನು ನೋಡಲು ಮಕ್ಕಳು ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದವು. ನಮ್ಮಮ್ಮನೂ ಕೂತಿದ್ದಳು, ಐದೋ ಆರೋ ವರ್ಷದವಳು, ರಾತ್ರಿಯಿಡೀ, ಪರದೆಯ ಮುಂದೆ. ವಿಶ್ವ ಆರೋಗ್ಯ ಸಂಸ್ಥೆಗೆ ಯಾರೂ ಹೇಳಲು ಹೋಗಲಿಲ್ಲ.

ಈಗ ಗಾಜಿನ ಮುಂದೆ ನಿಂತು ಅಮ್ಮ ಒಬ್ಬಳೇ ನಗುತ್ತಿದ್ದಳು. ಭುಜ ಕುಲುಕುತ್ತಿತ್ತು.

‘ಏನತ್ತೆ? ನಮ್ಗೂ ಹೇಳಿ’ ಎಂದರು ಅತ್ತಿಗೆ, ಫೋನಿನ ರೆಕಾರ್ಡರ್ ತೆರೆದು. ಮನೆಯ ಹಿರಿಯರ ಬಾಯಿಂದ ಮೌಖಿಕ ಪರಂಪರೆ ಸಂಗ್ರಹಿಸಬೇಕೆಂದು ಅವರು ಎಲ್ಲೋ ಓದಿದ್ದಾರೆ.

‘ಏನಿಲ್ಲಮ್ಮ. ಕಿಳ್ಳೇಕ್ಯಾತ ಬಂಗಾರಕ್ಕನ್ನ ಒಂದ್ ಮಾತು ಕೇಳ್ತಾನೆ. ಅವ್ಳು ಒನಕೆ ತಗೊಂಡು...’ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ‘ಅಯ್ಯೋ ಬುಡು. ನಿಮ್ಮಾವ ಇದ್ದಿದ್ರೆ ಹೇಳೋರು.’

ಮೌಖಿಕ ಪರಂಪರೆ ಅಲ್ಲಿಗೆ ನಿಂತುಹೋಯಿತು. ಅತ್ತಿಗೆಯ ಫೋನಿನಲ್ಲಿ ಹದಿನೇಳು ಸೆಕೆಂಡಿನ ಅಮ್ಮನ ನಗೆ ಮಾತ್ರ ಉಳಿದಿದೆ. ಆ ಮ್ಯೂಸಿಯಮ್ಮಿನಲ್ಲಿ ಅಂದು ಆದ ಸಂಗ್ರಹಗಳಲ್ಲಿ ಅದೇ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಈ ಗೊಂಬೆಯ ಹೆಸರನ್ನೇ ಊರವರು ಅದನ್ನು ಆಡಿಸುವ ಜನರಿಗೂ ಇಟ್ಟರು: ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು. ಆಟ ಸಿಕ್ಕಿದ ದಿನ ಆಟ, ಸಿಗದ ದಿನ ಕೆರೆ ಹೊಳೆಯಲ್ಲಿ ಮೀನು. ಹಬ್ಬಕ್ಕೆ ಬೇಕಾದವರು, ಹಬ್ಬ ಮುಗಿದ ಮೇಲೆ ಊರಾಚೆಯವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಜ್ಜಿಯ ವಯಸ್ಸು ಆಗ 96. ಬಾಲ್ಯದಿಂದ ಗೊಂಬೆ ಹಿಡಿದ ಕೈ ಅದು. ನಮ್ಮ ಸರ್ಕಾರಗಳ ಬಗ್ಗೆ ಯಾರು ಏನೇ ಹೇಳಲಿ, ಅವು ಅವಸರಪಡುವುದಿಲ್ಲ. ಕಲಾವಿದರು ನಡುವೆ ಕಸುಬು ಬಿಟ್ಟು ಓಡಿಹೋಗುವವರೋ ಹೇಗೆ ಎಂದು ಮುಕ್ಕಾಲು ಶತಮಾನದಷ್ಟು ಕಾಲ ಪರೀಕ್ಷಿಸಿ, ಖಾತ್ರಿಯಾದ ಮೇಲೆಯೇ ಪದಕ ಕೊಡುತ್ತವೆ. ಆ ವರ್ಷ ಪತ್ರಿಕೆಗಳೂ ಪದಕ ಬಂದ ಕಲೆಯನ್ನು ಒಂದು ವಾರ ‘ನಶಿಸುತ್ತಿರುವ’ ಎನ್ನದೆ ‘ಅಪರೂಪದ’ ಎಂದವು.

ಸಂಗ್ರಹಾಲಯಗಳೇ ಬೇಡ ಎನ್ನುವ ಜಾಣತನ ನನಗಿಲ್ಲ. ಎಂ.ಎಸ್. ನಂಜುಂಡರಾಯರು ಚಿತ್ರಕಲಾ ಪರಿಷತ್ತಿಗೆ ತೊಗಲುಗೊಂಬೆಗಳನ್ನು ಕೂಡಿಸದಿದ್ದರೆ ಅವುಗಳಲ್ಲಿ ಎಷ್ಟೋ ಇಲಿಯ ಪಾಲಾಗುತ್ತಿದ್ದವು, ಇಲ್ಲವೇ ವಿದೇಶದ ಯಾರದೋ ಹಜಾರದ ಗೋಡೆ ಸೇರುತ್ತಿದ್ದವು. ನನ್ನ ತಕರಾರು ಗಾಜಿನ ಮೇಲಲ್ಲ. ಗಾಜಿನ ಈಚೆ ನಿಂತು ನಾವು ತೋರಿಸುವ ಭಕ್ತಿಯ ಮೇಲೆ. ಗೊಂಬೆ ಜೀವಂತವಾಗಿ ಊರ ಮುಂದೆ ಬಂದಾಗ ‘ನಾಳೆ ಬನ್ನಿ’ ಎಂದವರೇ, ಅದು ಸತ್ತು ಗಾಜು ಸೇರಿದ ಮೇಲೆ ಮೆಲ್ಲಗೆ ಮಾತಾಡುತ್ತೇವೆ.

ಮುಂದಿನ ಕೋಣೆ ಸೂತ್ರದ ಗೊಂಬೆಯದು. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಆಡಿಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯ ಮಾದರಿಯದೊಂದು ಅಲ್ಲಿ ತೂಗುತ್ತಿತ್ತು. ಥೇಟು ವೇಷವೇ: ಕೇದಗೆ ಮುಂದಲೆ, ಎದೆಕಟ್ಟು, ಭುಜಕೀರ್ತಿ. ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲಿ ಕೀಲು. ಐದರಿಂದ ಏಳು ದಾರ. ತೊಡಕಿನ ಕುಣಿತವಾದರೆ ಒಂದೇ ಗೊಂಬೆಗೆ ಇಬ್ಬರು ಮೂವರು ಕೈ ಹಾಕಬೇಕಾಗುತ್ತದೆ. ಇಬ್ಬರು ಮೂವರು ಸೇರಿ ಒಂದನ್ನು ಕುಣಿಸುವುದು ಎಷ್ಟು ಕಷ್ಟ ಎಂಬುದು ಸಮ್ಮಿಶ್ರ ಸರ್ಕಾರ ಕಂಡ ಕನ್ನಡಿಗರಿಗೆ ಗೊತ್ತು. ಒಬ್ಬರ ಬೆರಳು ಹೆಚ್ಚು ಎಳೆದರೆ ಗೊಂಬೆ ರೆಸಾರ್ಟಿಗೆ ಹೋಗಿಬಿಡುತ್ತದೆ.

‘ಆಡ್ಸು’ ಎಂದ ಪುಟ್ಟ. ಈ ಸಲ ಕಾವಲಿನವರಿಗೇ ಹೇಳಿದ. ಮನೆಯವರ ಮೇಲೆ ಅವನಿಗೆ ನಂಬಿಕೆ ಹೋಗಿತ್ತು.

‘ಆಡ್ಸಂಗಿಲ್ಲ ಕಂದಾ. ಮೇಲ್ನೋರು ಬಯ್ತಾರೆ’ ಎಂದರು ಅವರು. ಗೊಂಬೆಯೂ ಮೇಲೆಯೇ ನೋಡುತ್ತಿತ್ತು.

ಕಾರ್ಯಾಗಾರದ ವಿಷಯ ಚುಟುಕಾಗಿ ಮುಗಿಸುತ್ತೇನೆ. ಐಸ್‌ಕ್ರೀಮ್ ಕಡ್ಡಿ, ಕಾಗದದ ತಟ್ಟೆ, ಅಂಟು. ಮಕ್ಕಳು ಅಂಟು ನೆಕ್ಕಿದವು, ಗೊಂಬೆಗಳನ್ನು ಅಪ್ಪ ಅಮ್ಮಂದಿರು ಮಾಡಿದರು. ಪಕ್ಕದ ಮೇಜಿನ ತಂದೆ ಮಾಡಿದ ಹುಲಿಗಿಂತ ತನ್ನ ಹುಲಿ ಸೊಟ್ಟಗಾಯಿತೆಂದು ಅಣ್ಣ ಇನ್ನೊಂದು ತಟ್ಟೆ ಕೇಳಿ ಪಡೆದ. ಎಲ್ಲ ಮಕ್ಕಳಿಗೂ ಪ್ರಮಾಣಪತ್ರ ಸಿಕ್ಕಿತು. ಪುಟ್ಟ ಈಗ ದಾಖಲೆಯ ಪ್ರಕಾರ ಗೊಂಬೆ ತಯಾರಕ, ವಯಸ್ಸು ಮೂರು.

ಹೊರಡುವ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ನಾವು ತೊಗಲುಗೊಂಬೆಯ ಕೋಣೆಯಲ್ಲಿ ಸಿಕ್ಕಿಕೊಂಡಿದ್ದೆವು, ಅದಕ್ಕೆ ಕಿಟಕಿಯಿಲ್ಲ. ಕಾವಲಿನವರು ಟಾರ್ಚು ಹಿಡಿದು ಬಂದರು. ಮೂಲೆಯಲ್ಲಿ ಇನ್ನೂ ಗಾಜಿನ ಭಾಗ್ಯ ಕಾಣದ ಒಂದು ಹನುಮಂತನನ್ನು ಸೂರಿನಿಂದ ಇಳಿಬಿಟ್ಟಿದ್ದರು. ಸ್ವಿಚ್ ಬೋರ್ಡು ಹುಡುಕುತ್ತ ಅವರು ಅದರ ಹಿಂದಕ್ಕೆ ಹೋದರು ನೋಡಿ, ಟಾರ್ಚಿನ ಬೆಳಕು ಚರ್ಮದೊಳಗೆ ಹಾಯಿತು. ಕೆಂಪು ಕೆಂಪಾಯಿತು, ಹಸಿರು ಹಸಿರಾಯಿತು. ಕಿರೀಟದ ತೂತುಗಳೆಲ್ಲ ಒಟ್ಟಿಗೆ ಮಿನುಗಿದವು. ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಮಕ್ಕಳ ಹಿಂಡು ಗಪ್‌ಚಿಪ್ಪಾಯಿತು.

‘ಆಡ್ಸು’ ಎಂದ ಪುಟ್ಟ.

ಕಾವಲಿನವರು ಬಾಗಿಲ ಕಡೆ ನೋಡಿದರು. ಮೇಲಿನವರು ಯಾರೂ ಇರಲಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಹನುಮಂತನ ಬೆನ್ನಿನ ಬಿದಿರುಕಡ್ಡಿ. ಹನುಮಂತ ಒಮ್ಮೆ ಎಡಕ್ಕೆ ಹಾರಿದ, ಒಮ್ಮೆ ಬಲಕ್ಕೆ. ‘ಲಂಕೆ ಯಾವ ಕಡೆಗೆ ಅಮ್ಮಾ?’ ಎಂದು ಕಾವಲಿನವರೇ ನಮ್ಮಮ್ಮನನ್ನು ಕೇಳಿದರು. ‘ಓ, ಆ ಕಡೆ, ಆ ಕಡೆ’ ಎಂದಳು ಅಮ್ಮ, ಬಾತ್‌ರೂಮಿನ ದಿಕ್ಕು ತೋರಿಸಿ.

ಆಗ ನಮ್ಮಣ್ಣ ಮೊಬೈಲ್ ತೆಗೆದ. ವಿಡಿಯೋಗೆ ಬೆಳಕು ಸಾಲದೆಂದು ಫ್ಲ್ಯಾಷ್ ಹಾಕಿದ. ಅವನನ್ನು ನೋಡಿ ಉಳಿದ ತಂದೆಯರೂ ಹಾಕಿದರು. ಐದಾರು ಕಡೆಯಿಂದ ಮುಂದಿನಿಂದ ಬಿದ್ದ ಬೆಳಕಿಗೆ ಹನುಮಂತ ಅಲ್ಲಿಯೇ ಆರಿ, ಬಿದಿರಿಗೆ ಸಿಕ್ಕಿಸಿದ ಒಣ ಚರ್ಮವಾದ. ‘ಸರ್, ಇನ್ನೊಂದ್ಸಲ ಮೊದಲಿಂದ ಮಾಡ್ತೀರಾ? ಇದು ಸರಿಯಾಗಿ ಬಂದಿಲ್ಲ’ ಎಂದ ಅಣ್ಣ. ಅಷ್ಟರಲ್ಲಿ ಕರೆಂಟೂ ಬಂತು. ಟ್ಯೂಬ್‌ಲೈಟುಗಳು ಮಿಟುಕಿ ಮಿಟುಕಿ ಹತ್ತಿಕೊಂಡವು, ಕಾವಲಿನವರ ಕೈ ಕಡ್ಡಿಯಿಂದ ಕೆಳಗಿಳಿಯಿತು, ‘ಯಾರೂ ಮುಟ್ಬಾರ್ದು’ ಎಂದು ಅವರ ಬಾಯಿ ತಾನಾಗಿ ಹೇಳಿತು.

ಬಾಗಿಲ ಬಳಿ ಸಂದರ್ಶಕರ ಪುಸ್ತಕವಿತ್ತು. ನಮಗಿಂತ ಮೊದಲು ಬಂದವರೆಲ್ಲ ‘ವೆರಿ ಇನ್ಫರ್ಮೇಟಿವ್’ ಎಂದು ಬರೆದಿದ್ದರು, ಅಣ್ಣನೂ ಬರೆದ. ಅತ್ತಿಗೆ ಒಂದು ನಗುಮುಖ ಬರೆದು, ಡೈಪರ್ ಬದಲಿಸುವ ಕೋಣೆಯ ಅಗತ್ಯವನ್ನು ಸೂಚಿಸಿದರು. ಪುಟ್ಟ ಮುಂದಿನ ಎರಡು ಪುಟ ಗೀಚಿದ. ‘ಸಲಹೆಗಳು’ ಎಂಬ ಅಂಕಣ ಇನ್ನೂ ಖಾಲಿ ಇದ್ದದ್ದನ್ನು ಕಂಡು ಅಮ್ಮ ಕನ್ನಡಕ ತೆಗೆಸಿಕೊಂಡಳು, ಪೆನ್ನು ಇಸಿದುಕೊಂಡಳು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ‘ರಾತ್ರಿ ಹತ್ತು ಗಂಟೆ ಮೇಲೆ ಬಾಗಿಲು ತೆಗೆಯಿರಿ. ಲೈಟ್ ಬೇಡ.’

ಕಾವಲಿನವರು ಬಗ್ಗಿ ಓದಿದರು.

‘ಐದೂವರೆಗೆ ಕ್ಲೋಸ್, ಅಮ್ಮಾ’ ಎಂದರು. ‘ಸೋಮವಾರ ರಜ.’